ಕತ್ತಲನ್ನು ಮಾಡಿದವನೂ ಅವನೇ

ನಿನ್ನೆ ಸಂಜೆ ಅಕ್ಕನ ಮೊಮ್ಮಗಳ ನೋಟ್‌ಬುಕ್ಕನ್ನು ಸುಮ್ನೆ ತಿರುವುತ್ತಿದ್ದೆ. ಒಂದು ಪುಟದಲ್ಲಿ ಹೀಗಿತ್ತು: "ಪಾರ್ಸಿಗಳು ಬೆಂಕಿಯನ್ನು ಪೂಜಿಸುತ್ತಾರೆ. ಅವರಿಗೆ ಇಬ್ಬರು ದೇವರು. ಒಬ್ಬ ಬೆಳಕಿನ ದೇವರು, ಇನ್ನೊಬ್ಬ ಕತ್ತಲಿನ ದೇವರು." ಪಕ್ಕದಲ್ಲಿ ಕೆಂಪು ಇಂಕಿನ ರೈಟ್ ಗುರುತು. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಇಬ್ಬರಲ್ಲ, ಒಬ್ಬನೇ. ಅಹುರ ಮಜ್ದಾ. ಅಹುರ ಅಂದರೆ ಒಡೆಯ, ಮಜ್ದಾ ಅಂದರೆ ಅರಿವುಳ್ಳವನು. ನಮ್ಮ 'ಅಸುರ', 'ಮೇಧಾ' ಪದಗಳ ಬಳಗದವೇ ಇವು. ಅಸುರ ಅಂದ ತಕ್ಷಣ ರಾಕ್ಷಸನನ್ನು ನೆನೆಯಬೇಡಿ. ಋಗ್ವೇದದಲ್ಲಿ ವರುಣನನ್ನೂ ಅಸುರ ಎಂದೇ ಗೌರವದಿಂದ ಕರೆದಿದ್ದಾರೆ.

ಈ ಧರ್ಮದ ಪ್ರವಾದಿ ಜರತುಷ್ಟ್ರನ ಹಾಡುಗಳು ಎನ್ನುವ 17 ಗಾಥೆಗಳಿವೆ. ಅವುಗಳಲ್ಲಿ ಯಸ್ನ ಎಂಬ ಪ್ರಾರ್ಥನಾ ಗ್ರಂಥದ 44ನೇ ಅಧ್ಯಾಯ ನನಗೆ ತುಂಬಾ ಇಷ್ಟ. ಅದರ ತುಂಬಾ ಪ್ರಶ್ನೆಗಳು. ನಿಜ ಹೇಳು ಒಡೆಯಾ ಎಂದು ಮತ್ತೆ ಮತ್ತೆ ಕೇಳುತ್ತಾನೆ. ಸೂರ್ಯನಿಗೆ, ಚುಕ್ಕಿಗಳಿಗೆ ದಾರಿ ಹಾಕಿಕೊಟ್ಟವರು ಯಾರು? ಚಂದ್ರ ಬೆಳೆಯುವುದು, ಕರಗುವುದು ಯಾರಿಂದ? ಬೆಳಕನ್ನೂ ಕತ್ತಲನ್ನೂ ಮಾಡಿದವರು ಯಾರು? ನಿದ್ದೆಯನ್ನೂ ಎಚ್ಚರವನ್ನೂ? ಉತ್ತರ ಪ್ರಶ್ನೆಯಲ್ಲೇ ಇದೆ. ಕತ್ತಲೂ ಅವನದೇ. ಹಾಗಿದ್ದ ಮೇಲೆ ಕತ್ತಲಿಗೆ ಬೇರೊಬ್ಬ ದೇವರು ಎಲ್ಲಿಂದ ಬಂದ?

ಓದಿಕೊಂಡವರು ಕೆಡುಕಿನ ಶಕ್ತಿಯಾದ ಅಹ್ರಿಮನ್‌ನ ಹೆಸರು ತೆಗೆಯುತ್ತೀರಿ, ಗೊತ್ತು. ಗಾಥೆಗಳಲ್ಲಿ ಎರಡು ಮನೋಭಾವಗಳ ಮಾತಿದೆ, ಒಂದು ಒಳ್ಳೆಯದು, ಒಂದು ಕೆಟ್ಟದ್ದು. ಮುಂದೆ ಪಹ್ಲವಿ ಎಂಬ ಹಳೆಯ ಪರ್ಷಿಯಾದ ಭಾಷೆಯ ಪುಸ್ತಕಗಳಲ್ಲಿ ಅಹ್ರಿಮನ್ ನೇರವಾಗಿ ಒಡೆಯನ ಎದುರಿಗೇ ನಿಲ್ಲುತ್ತಾನೆ. ನಿಜ. ಆದರೆ ಅವನನ್ನು ಪೂಜಿಸುತ್ತಾರಾ? ಅಲ್ಲೂ ಕೊನೆಗೆ ಸೋಲುವವನು ಅವನೇ. ವೈರಿಯನ್ನು ದೇವರ ಲೆಕ್ಕಕ್ಕೆ ಸೇರಿಸುವುದು ಯಾವ ನ್ಯಾಯ?

ಇನ್ನು ಬೆಂಕಿ. ಅದಕ್ಕೂ ಸ್ತುತಿ ಇದೆ. ಆದರೆ ಆ ಸ್ತುತಿಯಲ್ಲೇ ಬೆಂಕಿಯನ್ನು ಅಹುರ ಮಜ್ದಾನ ಮಗ ಎನ್ನುತ್ತಾರೆ. ನಮ್ಮ ಕಂಟೋನ್ಮೆಂಟ್ ಬಾಡಿಗೆ ಮನೆ ನನ್ನ ಹಳೇ ವಿದ್ಯಾರ್ಥಿಗಳಿಗೆ ನೆನಪಿರಬೇಕು. ಕೆಳಗಿನ ಮನೆಯ ಪಾರ್ಸಿ ಅಜ್ಜಿ ಬೆಳಿಗ್ಗೆ ಸೂರ್ಯನ ಕಡೆ ಮುಖ ಮಾಡಿ 'ಕುಸ್ತಿ' ಎನ್ನುವ ಪವಿತ್ರ ದಾರವನ್ನು ಬಿಚ್ಚಿ ಕಟ್ಟುತ್ತಿದ್ದರು. 72 ಎಳೆಯ ಉಣ್ಣೆಯ ದಾರ, ಸೊಂಟಕ್ಕೆ ಮೂರು ಸುತ್ತು. ಅಹ್ರಿಮನ್ ಹೆಸರು ಬಂದಾಗ ದಾರದ ತುದಿಯನ್ನು ಪಟ್ ಅಂತ ಒದರುತ್ತಿದ್ದರು, ಕೊಳೆ ಕೊಡವಿದ ಹಾಗೆ. ರಾತ್ರಿ ಹಜಾರದ ಬಲ್ಬಿನ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಅವರು ಬಲ್ಬನ್ನು ಪೂಜಿಸುತ್ತಿದ್ದರೇ? ಬೆಳಕಿನ ಕಡೆ ನಿಂತು ಅಹುರ ಮಜ್ದಾನನ್ನು ನೆನೆಯುತ್ತಿದ್ದರು, ಅಷ್ಟೇ. ದೀಪ ಹಚ್ಚಿ ಕೈಮುಗಿಯುವ ನಮಗೆ ಇದು ಅರ್ಥವಾಗಬೇಕಲ್ವಾ?

2011ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಪಾರ್ಸಿಗಳು 57,264 ಜನ. ಎಷ್ಟು ಶಾಲೆಗಳಿಗೆ ಹೋಗಿ ಅವರು ತಿದ್ದಿಯಾರು?

ಒಂದು ಮಾತು ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. ಆ ಅಜ್ಜಿಯ ಪರಿಚಯ ಆಗುವ ಮೊದಲು, ಕ್ಲಾಸಿನಲ್ಲಿ ಬೋರ್ಡಿನ ಮೇಲೆ 'ಅಗ್ನಿಪೂಜಕರು' ಅಂತ ಬರೆದವನು ನಾನೂ ಹೌದು. ವರ್ಷಗಟ್ಟಲೆ ಬರೆದೆ. ಆ ಬ್ಯಾಚಿನ ಎಷ್ಟೋ ಜನ ಇಲ್ಲಿದ್ದೀರಿ. ತಪ್ಪು ನನ್ನದು ಮಕ್ಕಳೇ. ಅದನ್ನು ಹೊಡೆದುಹಾಕಿ 'ಅಹುರ ಮಜ್ದಾ, ಒಬ್ಬನೇ' ಎಂದು ಬರೆದುಕೊಳ್ಳಿ.