ಮೂರು ವಯಸ್ಸು, ಒಂದು ಮೊರ

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವವರಿಗಾಗಿ ಈಗ ಅಂಗಡಿಗಳಲ್ಲಿ ಸಿಗುವ ಚಟುವಟಿಕೆ ಪುಸ್ತಕಗಳ ಮುಖಪುಟದಲ್ಲಿ ‘3ರಿಂದ 4 ವರ್ಷ’, ‘5ರಿಂದ 6 ವರ್ಷ’ ಎಂದು ಅಚ್ಚಾಗಿರುತ್ತದೆ. ಚಪ್ಪಲಿಗಿರುವಂತೆ ಕಲಿಕೆಗೂ ಒಂದು ಅಳತೆ ಇದೆ ಎಂಬ ನಂಬಿಕೆ ಅದರ ಹಿಂದಿರಬೇಕು. ಒಂದೇ ಮಗುವಿರುವ ಮನೆಯಲ್ಲಿ ಈ ಏರ್ಪಾಡು ಹೇಗೋ ನಡೆದೀತು. ಮೂರು, ಏಳು ಮತ್ತು ಹತ್ತು ವರ್ಷದ ಮೂವರು ಮಕ್ಕಳು, ಒಬ್ಬಳೇ ತಾಯಿ, ಎರಡು ಕೋಣೆಯ ಮನೆ ಎಂದಾಗ, ಮೂರು ಪುಸ್ತಕಗಳನ್ನು ಮೂರು ಮೂಲೆಗಳಲ್ಲಿ ತೆರೆದಿಟ್ಟರೂ ಸ್ವಲ್ಪ ಹೊತ್ತಿನಲ್ಲೇ ಮೂವರೂ ಒಂದೇ ಪುಸ್ತಕಕ್ಕೆ, ಅದೂ ಎಲ್ಲರಿಗಿಂತ ದೊಡ್ಡವನ ಪುಸ್ತಕಕ್ಕೆ, ಮುತ್ತಿಗೆ ಹಾಕಿರುತ್ತಾರೆ.

ಬೆಂಗಳೂರಿನ ಹನುಮಂತನಗರದಲ್ಲಿರುವ ನನ್ನ ತಂಗಿಯ ಮಗಳ ಮನೆಯ ಸ್ಥಿತಿ ಇದು. ಅವಳು ಮಕ್ಕಳನ್ನು ಶಾಲೆಗೆ ಏಕೆ ಕಳುಹಿಸುತ್ತಿಲ್ಲ ಎಂಬುದು ಬಂಧುಗಳ ಮದುವೆ, ಮುಂಜಿಗಳಲ್ಲಿ ಸಾಕಷ್ಟು ಚರ್ಚೆಯಾಗಿರುವ ಕಾರಣ ನಾನು ಅದನ್ನು ಮತ್ತೆ ಎತ್ತುವುದಿಲ್ಲ. 6ರಿಂದ 14 ವರ್ಷದವರಿಗೆ ಸಂಬಂಧಿಸಿದ 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ಎತ್ತಿ ಕೇಳುವವರಿಗೂ, ಮುಂದೆ ಹತ್ತನೆಯ ತರಗತಿಯ ಗತಿಯೇನು ಎನ್ನುವವರಿಗೂ ಅವಳ ಬಳಿ ಉತ್ತರ ಸಿದ್ಧವಿರುತ್ತದೆ. ಹದಿನಾಲ್ಕು ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಆ ಪರೀಕ್ಷೆಗೆ ಕೂರಬಹುದು. ನನ್ನ ಕುತೂಹಲವೆಲ್ಲ ಒಂದೇ ಚಾಪೆಯ ಮೇಲೆ ಮೂರು ವಯಸ್ಸುಗಳು ಹೇಗೆ ಕಲಿಯುತ್ತವೆ ಎಂಬುದರ ಮೇಲಿತ್ತು. ಅದಕ್ಕೆ ತಕ್ಕ ಪುಸ್ತಕ ಅಂಗಡಿಯಲ್ಲಿ ಸಿಗುವುದಿಲ್ಲ. ಡಿಸೆಂಬರ್ ಬಂದರೆ ಅದು ಗಾಂಧಿಬಜಾರಿನಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ.

ಅವರೆಕಾಯಿಯ ಮಾತು ಹೇಳುತ್ತಿದ್ದೇನೆ. ಎರಡು ಕಿಲೋ ಕಾಯನ್ನು ಚಾಪೆಯ ಮೇಲೆ ಸುರಿದು ನಡುವೆ ಒಂದು ಮೊರವನ್ನು ಇಟ್ಟರೆ ಯಾರಿಗೆ ಯಾವ ಕೆಲಸ ಎಂದು ಯಾರೂ ಹೇಳಬೇಕಾಗುವುದಿಲ್ಲ. ಮೂರು ವರ್ಷದವಳಿಗೆ ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಎಂಬುದೇ ದೊಡ್ಡ ವಿದ್ಯೆ. ನಡುನಡುವೆ ಕಾಯಿಯೊಳಗಿನಿಂದ ಹಸಿರು ಹುಳು ಹೊರಬಂದರೆ ಅವಳ ಪಾಠ ಅಲ್ಲಿಗೆ ನಿಲ್ಲುತ್ತದೆ, ಇಲ್ಲವೇ ಅಲ್ಲಿಂದಲೇ ಶುರುವಾಗುತ್ತದೆ. ಏಳು ವರ್ಷದವಳು ಸುಲಿದ ಸಿಪ್ಪೆಗಳನ್ನು ಎಸೆಯದೆ ಸಾಲು ಹಚ್ಚುತ್ತಾಳೆ: ಎರಡು ಕಾಳಿನವು ಒಂದು ಸಾಲು, ಮೂರರವು ಇನ್ನೊಂದು, ನಾಲ್ಕರವು ಮತ್ತೊಂದು. ಸಾಲುಗಳು ಉದ್ದಗಿಡ್ಡವಾಗಿ ಬೆಳೆಯುತ್ತ ಹೋದಂತೆ, ಪಠ್ಯಪುಸ್ತಕದಲ್ಲಿ ಕಂಬನಕ್ಷೆ ಎಂದು ಚೌಕುಳಿ ಕಾಗದದ ಮೇಲೆ ಬಣ್ಣ ತುಂಬಿಸುವ ಸಂಗತಿ ಸಿಪ್ಪೆಯಲ್ಲೇ ಮೂಡಿ ನಿಲ್ಲುತ್ತದೆ.

ಹತ್ತು ವರ್ಷದವನು ಅಡುಗೆಮನೆಯ ತಕ್ಕಡಿಯನ್ನು ತಂದು, ಒಂದು ಕಿಲೋ ಕಾಯಿಗೆ 400 ಗ್ರಾಂ ಕಾಳು ಬಂತೆಂದು ಬರೆದುಕೊಂಡ. ಹಾಗಾದರೆ ಒಂದು ಕಿಲೋ ಕಾಳಿಗೆ ಎರಡೂವರೆ ಕಿಲೋ ಕಾಯಿ ಬೇಕು. ಕಾಯಿ 80 ರೂಪಾಯಿಯಂತೆ ಅದಕ್ಕೆ 200 ಆಗುತ್ತದೆ. ಅದೇ ಬೀದಿಯಲ್ಲಿ ಸುಲಿದ ಕಾಳನ್ನು 240ಕ್ಕೆ ಮಾರುತ್ತಿದ್ದರು. ‘ಅಮ್ಮ, ಅಷ್ಟೂ ಸುಲಿದದ್ದಕ್ಕೆ ಆ ಅಜ್ಜಿಗೆ ಬರೀ ನಲವತ್ತು ರೂಪಾಯಿನಾ?’ ಎಂದು ಕೇಳಿದವನು, ಮರುಕ್ಷಣದಲ್ಲೇ ತನ್ನ ಪಾಲಿನ ಕೂಲಿ ಎಷ್ಟಾಯಿತೆಂದು ಲೆಕ್ಕ ಹಾಕಿ ಕೈ ಚಾಚಿದ. ಅರ್ಥಶಾಸ್ತ್ರದ ಎರಡೂ ಮುಖ ಅಲ್ಲಿಗೆ ಮುಗಿದವು.

ನೆನೆಸಿದ ಕಾಳನ್ನು ಹಿತಕುವ ಮರುದಿನದ ಕೆಲಸ ಇದಕ್ಕಿಂತಲೂ ಸೊಗಸಾದದ್ದು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕಾಳನ್ನು ಹಿಡಿದು ಹದವಾಗಿ ಒತ್ತಿದರೆ ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ. ಹದ ತಪ್ಪಿದರೆ ಎದುರು ಕುಳಿತವರ ಹಣೆಗೆ ತಗಲುತ್ತದೆ. ಮುಂದೆ ಪೆನ್ಸಿಲ್ ಹಿಡಿಯುವುದಕ್ಕೂ ಇವೇ ಬೆರಳುಗಳು ಬಲಿಯಬೇಕು. ಅದಕ್ಕೆಂದೇ ಮಾರುವ ಪ್ಲಾಸ್ಟಿಕ್ ಇಕ್ಕಳ ಮತ್ತು ಮಣಿಗಳ ಪೆಟ್ಟಿಗೆಗೆ ಕೊಡುವ ಹಣದಲ್ಲಿ ಒಂದು ಋತುವಿನ ಅವರೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಪೆಟ್ಟಿಗೆಯಿಂದ ಸಾರು ಆಗುವುದಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲೇ ಹೇಳಬೇಕು: ಕಾಳನ್ನು ಮೂಗಿಗೋ ಬಾಯಿಗೋ ತುರುಕಿಕೊಳ್ಳುವ ವಯಸ್ಸಿನ ಕೂಸಿದ್ದರೆ ದೊಡ್ಡವರ ಕಣ್ಣು ಅದರ ಮೇಲೆಯೇ ಇರಬೇಕು.

ಬೇರೆ ಬೇರೆ ವಯಸ್ಸಿನವರನ್ನು ಒಟ್ಟಿಗೆ ಕೂರಿಸುವುದೇನೂ ಹೊಸ ಸಾಹಸವಲ್ಲ. ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸರಿ ‘ಮಕ್ಕಳ ಮನೆ’ ಎಂದು ಕರೆದ ತಮ್ಮ ಶಾಲೆಗಳಲ್ಲಿ 3ರಿಂದ 6 ವರ್ಷದವರನ್ನು ಒಂದೇ ಕೋಣೆಯಲ್ಲಿ ಬಿಟ್ಟರು; 1939ರಲ್ಲಿ ಅವರು ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟಾಗಲೂ ಹೇಳಿದ್ದು ಆ ಪದ್ಧತಿಯನ್ನೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರೆಗಿನ ಕಲಿಕೆಯನ್ನು ಒಂದೇ ಘಟ್ಟವಾಗಿ ನೋಡುತ್ತದೆ. ದೊಡ್ಡವರ ಪಾಠವನ್ನು ಚಿಕ್ಕವರು ಕದ್ದು ಕೇಳಿ ಕಲಿಯುತ್ತಾರೆ. ನೇರವಾಗಿ ಹೇಳಿಕೊಟ್ಟದ್ದಕ್ಕಿಂತ ಹೀಗೆ ಕದ್ದದ್ದು ಹೆಚ್ಚು ಕಾಲ ಉಳಿಯುತ್ತದೆ ಎಂದು ಆ ಮನೆಯಲ್ಲಿ ನನಗೆ ಹಲವು ಸಲ ಅನ್ನಿಸಿದೆ.

ರಂಗೋಲಿಯಲ್ಲೂ ಹೀಗೆಯೇ. ಏಳರಿಂದ ಒಂದಕ್ಕೆ ಇಳಿಯುವ ನೇರ ಚುಕ್ಕಿಯ ರಂಗೋಲಿಯನ್ನು ಬಾಗಿಲ ಮುಂದೆ ಇಡುವಾಗ ಚಿಕ್ಕವಳು ಪುಡಿಯನ್ನು ಚೆಲ್ಲುತ್ತಾಳೆ, ನಡುವಿನವಳು ಚುಕ್ಕಿ ಸೇರಿಸುತ್ತಾಳೆ, ದೊಡ್ಡವನು ಮೆಟ್ಟಿಲ ಮೇಲೆ ಕುಳಿತು ಎಣಿಸುತ್ತಾನೆ: ಒಂದು, ಮೂರು, ಐದು, ಏಳು, ಮತ್ತೆ ಐದು, ಮೂರು, ಒಂದು, ಒಟ್ಟು 25. ಮೇಲಿನಿಂದ ಏಳರವರೆಗೆ ಕೂಡಿದರೆ 16, ಉಳಿದದ್ದು 9. ನಾಲ್ಕರ ವರ್ಗ ಮತ್ತು ಮೂರರ ವರ್ಗ ಸೇರಿ ಐದರ ವರ್ಗವಾಗಿದೆ ಎಂದು ಅವನಿಗೆ ಹೊಳೆದ ದಿನ, ತಾಯಿ ಒಲೆಯ ಮೇಲಿನ ಹಾಲನ್ನು ಮರೆತು ಹೊರಗೆ ಓಡಿಬಂದಿದ್ದಳು. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ಬೆಂಗಳೂರಿನ ಸೂರ್ಯ ನೆತ್ತಿಗೆ ನೇರವಾಗಿ ಬಂದು ನೆಟ್ಟಗೆ ನಿಂತ ಕೋಲಿನ ನೆರಳು ಮಾಯವಾಗುವುದನ್ನೂ ಮೂವರೂ ತಾರಸಿಯಲ್ಲಿ ನೋಡಿದ್ದಾರೆ. ಆಗಸ್ಟ್‌ನಲ್ಲಿ ಇನ್ನೊಮ್ಮೆ ಅದೇ ಅವಕಾಶ ಬರುತ್ತದೆ, ಮೋಡ ಬಿಟ್ಟುಕೊಟ್ಟರೆ.

ಆದರೂ ಎಲ್ಲವನ್ನೂ ಮೊರದ ಸುತ್ತ ಕಲಿಸಲಾಗದು. ಒತ್ತಕ್ಷರವನ್ನು ಓದುವುದಕ್ಕೆ ಮಗು ಒಬ್ಬಂಟಿಯಾಗಿ, ಪಕ್ಕದಲ್ಲಿ ತಾಳ್ಮೆಯಿರುವ ಒಬ್ಬರೊಡನೆ ಕೂರಬೇಕು. ‘ಕಷ್ಟ’ದ ಷಕಾರದ ಕೆಳಗೆ ಟಕಾರ ಅಡಗಿರುವುದನ್ನು ನಡುವಿನವಳು ಬಿಡಿಸುತ್ತಿರುವಾಗ ಅಣ್ಣ ಪಕ್ಕದಿಂದ ಫಟ್ಟನೆ ಉತ್ತರ ಹೇಳಿಬಿಟ್ಟರೆ ಅವಳ ಕಲಿಕೆಯೂ ಹೋಯಿತು, ಮನೆಯ ಶಾಂತಿಯೂ ಹೋಯಿತು. ದೊಡ್ಡವನ ಭಿನ್ನರಾಶಿಗೂ ಮೌನ ಬೇಕು. ಅಂಥ ಪಾಠಗಳಿಗೆ ಆ ಮನೆಯಲ್ಲಿರುವುದು ಚಿಕ್ಕವಳು ಮಧ್ಯಾಹ್ನ ನಿದ್ರಿಸುವ ಒಂದು ಗಂಟೆ ಮಾತ್ರ. ಹೀಗಾಗಿ ಇಡೀ ಮನೆಯ ವೇಳಾಪಟ್ಟಿಯನ್ನು ಬರೆಯುವವಳು ಓದುಬರಹ ಬಾರದ ಆ ಮೂರು ವರ್ಷದವಳೇ. ಈಚೆಗೆ ಅವಳು ಹಗಲು ಮಲಗುವುದನ್ನು ಬಿಡುವ ಲಕ್ಷಣ ತೋರಿಸುತ್ತಿರುವುದರಿಂದ, ಸಂಜೆ ಅವಳನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ನಿಧಾನವಾಗಿ ಹಿಂತಿರುಗುವ ಹೊಣೆಯನ್ನು ನನ್ನ ತಂಗಿಗೆ ವಹಿಸಲಾಗಿದೆ, ಭಿನ್ನರಾಶಿ ಆ ಹೊತ್ತಿಗೆ ವರ್ಗವಾಗಿದೆ.