ಟೆಲಿಪ್ರಾಂಪ್ಟರ್ ಓದಿಸಿ ನನ್ನ ಮಾತು ಕೆಡಿಸಿದರು

ಮೊನ್ನೆಯಿಂದ ಮೈ ಉರಿಯುತ್ತಿದೆ. ಬರೆದು ಹಾಕದೆ ಸಮಾಧಾನ ಆಗುವುದಿಲ್ಲ.

ನಮ್ಮದು ಸೋಮವಾರಪೇಟೆ ಕಡೆ ಸಣ್ಣ ತೋಟ. ಕಾಫಿ ನಡುವೆ ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. 20 ವರ್ಷದಿಂದ ಪ್ರತಿ ಮಳೆಗಾಲದ ಮುಂಚೆ ಬೋರ್ಡೋ ದ್ರಾವಣ, ಅಂದರೆ ಬಳ್ಳಿಗೆ ಶಿಲೀಂಧ್ರ ರೋಗ ಬಾರದಂತೆ ಹೊಡೆಯುವ ಮೈಲುತುತ್ತು (ಕಾಪರ್ ಸಲ್ಫೇಟ್), ಸುಣ್ಣದ ನೀರು, ನಾನೇ ನಿಂತು ಕಲಸಿಸುತ್ತೇನೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಅದನ್ನೇ ರೈತರಿಗೆ ಆನ್‌ಲೈನ್‌ನಲ್ಲಿ ಹೇಳಿಕೊಡಿ ಅಂತ ಒಂದು ಕಾರ್ಯಕ್ರಮ ನಡೆಸುವವರು ಕೇಳಿದರು. ಖುಷಿಯಿಂದ ಒಪ್ಪಿಕೊಂಡೆ.

ಕಾರ್ಯಕ್ರಮಕ್ಕೆ ಎರಡು ದಿನ ಇದೆ ಅನ್ನುವಾಗ ಅವರ ಫೋನ್. "ಮೇಡಂ, ಟೆಲಿಪ್ರಾಂಪ್ಟರ್ ಇಟ್ಕೊಳ್ಳಿ. ಸ್ಕ್ರಿಪ್ಟ್ ನಾವೇ ಕಳಿಸ್ತೀವಿ, ನೀವು ಸುಮ್ನೆ ಓದಿದ್ರೆ ಸಾಕು." ಬರೆದ ಸಾಲುಗಳು ಪರದೆಯಲ್ಲಿ ತಾವಾಗಿ ಮೇಲೆ ಸರಿಯುತ್ತವೆ, ಅದನ್ನು ನೋಡಿ ಓದುವುದು, ಅದೇ ಟೆಲಿಪ್ರಾಂಪ್ಟರ್. ಬೇಡ ಅಂದೆ. ಕೇಳಲಿಲ್ಲ.

ಕಳಿಸಿದ್ದು ಹಳೇ ನುಡಿ ಫಾಂಟಿನ ಫೈಲು. ಪ್ರಾಂಪ್ಟರ್‌ಗೆ ಹಾಕಿದರೆ ಒಂದು ಕನ್ನಡ ಅಕ್ಷರವೂ ಇಲ್ಲ, ಬರೀ ಇಂಗ್ಲಿಷ್ ಅಕ್ಷರಗಳ ರಾಶಿ. ಯಾವ ಕಂಪ್ಯೂಟರಿನಲ್ಲೂ ಅಕ್ಷರ ಅಕ್ಷರವಾಗಿಯೇ ಉಳಿಯಲಿ ಅಂತ ಇರುವ ಯೂನಿಕೋಡ್‌ಗೆ ಕನ್ನಡ ಸೇರಿದ್ದು 1991ರಲ್ಲಿ. ಇಷ್ಟು ವರ್ಷ ಆದ ಮೇಲೂ ಹೀಗೆ ಕಳಿಸಬಹುದಾ? ಅದನ್ನು ಬದಲಾಯಿಸುವಷ್ಟರಲ್ಲಿ ರಾತ್ರಿ 11 ಗಂಟೆ. ಮಧ್ಯೆ ಎರಡು ಸಲ ಕರೆಂಟು ಹೋಯಿತು.

ದೂರಕ್ಕೆ ಕಾಣಲಿ ಅಂತ ಅಕ್ಷರ ದೊಡ್ಡದು ಮಾಡಿದೆ. ಸಾಲುಗಳು ಒಂದರ ಮೇಲೊಂದು ಒತ್ತಿಕೊಂಡು ಒತ್ತಕ್ಷರಗಳೇ ಮಾಯ. ಸುಣ್ಣ 'ಸುಣ' ಆಯಿತು. ಮೈಲುತುತ್ತು 'ಮೈಲುತುತು' ಆಯಿತು. ಚಿಕ್ಕದು ಮಾಡಿದರೆ ಮಾತ್ರ ಒತ್ತು ಉಳಿಯುತ್ತದೆ, ಆದರೆ ಲ್ಯಾಪ್‌ಟಾಪ್‌ಗೆ ಮೂಗು ತಾಗಿಸಿ ಕೂರಬೇಕು. ಟಿವಿಯವರಿಗೆ ಲೆನ್ಸಿನ ಮುಂದೆಯೇ ಓರೆಯಾಗಿ ಗಾಜು ಇರುತ್ತದೆ, ಅಕ್ಷರ ಅದರ ಮೇಲೇ ಮೂಡುತ್ತದೆ. ನಮಗೆ ಕ್ಯಾಮೆರಾ ಮೇಲೆ, ಅಕ್ಷರ ಕೆಳಗೆ. ಹತ್ತಿರ ಕೂತಷ್ಟೂ ಕಣ್ಣು ಅತ್ತ ಇತ್ತ ಓಡುವುದು ಎದ್ದು ಕಾಣುತ್ತದೆ.

ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಅದರ ವೇಗಕ್ಕೆ. ನಿಮಿಷಕ್ಕೆ 140 ಪದ ಅಂತ ಇಟ್ಟಿದ್ದರು. ಇಂಗ್ಲಿಷ್ ಮಾತಿಗೆ ಸರಿ ಇರಬಹುದು. ನಮ್ಮದು ಹಾಗಲ್ಲ, ಅಲ್ವಾ? 'ಕಲಸಿಕೊಳ್ಳಬೇಕಾಗುತ್ತದೆ' ಅನ್ನುವುದು ನಮಗೆ ಒಂದೇ ಪದ. ಅದೇ ಇಂಗ್ಲಿಷಿನಲ್ಲಿ ನಾಲ್ಕೈದು ಪದ ಆಗುತ್ತದೆ. ಆ ವೇಗದಲ್ಲಿ ಕನ್ನಡ ಓದಿದರೆ ಉಸಿರು ಎಲ್ಲಿ ತೆಗೆದುಕೊಳ್ಳುವುದು? ಕಡಿಮೆ ಮಾಡಿ ಅಂದರೆ, ಅರ್ಧ ಗಂಟೆಯಲ್ಲಿ ಮುಗಿಯಬೇಕು ಮೇಡಂ ಅಂದರು.

ಕಾರ್ಯಕ್ರಮ ಶುರುವಾಯಿತು. ಒಂದು ಕೇಜಿ ತುತ್ತು 50 ಲೀಟರ್ ನೀರಿಗೆ, ಒಂದು ಕೇಜಿ ಸುಣ್ಣ ಇನ್ನೊಂದು 50 ಲೀಟರ್‌ಗೆ ಅಂತ ಹೇಳಿದೆ. ಸುಣ್ಣದ ನೀರಿಗೆ ತುತ್ತಿನ ನೀರು ಮೆಲ್ಲಗೆ ಬಿಡಬೇಕು ಅಂತ ಹೇಳುವಾಗಲೇ ಮುಂದಿನ ಎರಡು ಸಾಲು ಮೇಲೆ ಹೋಗಿಬಿಟ್ಟವು. ಹಿಡಿಯಲು ಹೋಗಿ ತಡವರಿಸಿದೆ. ಹೋದ ಸಾಲು ಯಾವುದು ಗೊತ್ತಾ? ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ಮೇ ಇರಲಿ ಅನ್ನುವುದು. ಕೊನೆಗೆ ಕತ್ತಿ ಅದ್ದಿ ನೋಡಿ, ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಹಾಕಿ, ಇಲ್ಲದಿದ್ದರೆ ಎಲೆ ಸುಡುತ್ತದೆ ಅನ್ನುವುದು. ಬಳ್ಳಿ ಉಳಿಯುವುದೇ ಆ ಎರಡು ಮಾತಿನಲ್ಲಿ! ಯಾವ ಚೀಟಿಯೂ ಇಲ್ಲದೆ ನಮ್ಮ ಕೆಲಸದವರಿಗೆ ವರ್ಷವರ್ಷವೂ ಹೇಳುವ ಮಾತು ಅದು.

ಮುಗಿಯುವ ಹೊತ್ತಿಗೆ ಒಬ್ಬ ಹುಡುಗ ಕೇಳಿದ, "ಅಕ್ಕಾ, ಮನೇಲಿ ಕಬ್ಬಿಣದ ಡ್ರಮ್ ಇದೆ, ಆಗುತ್ತಾ?" ಬೇಡ ಮಗಾ ಅಂದೆ. ಅವನು ಕೇಳಿದ, ಉಳಿದ. ಕೇಳದೆ ಹೋದವರು?

ಮರುದಿನ ಅವರದೇ ಫೋನ್. ಓದಿದ ಹಾಗಿತ್ತು, ಸ್ವಲ್ಪ ಸಹಜವಾಗಿ ಮಾತಾಡಬೇಕಿತ್ತು ಮೇಡಂ ಅಂತ. ಓದಿಸಿದ್ದು ಯಾರು?

ಇನ್ನು ಕರೆದರೆ ಪ್ಲಾಸ್ಟಿಕ್ ಡ್ರಮ್, ಕತ್ತಿ ಅಂತ ಎರಡು ಪದ ಚೀಟಿಯಲ್ಲಿ ಬರೆದು ಕ್ಯಾಮೆರಾ ಪಕ್ಕ ಅಂಟಿಸಿಕೊಳ್ಳುತ್ತೇನೆ. ಉಳಿದದ್ದು ನನ್ನ ಬಾಯಲ್ಲೇ ಬರುತ್ತದೆ. ಒಪ್ಪದಿದ್ದರೆ ಬೇರೆಯವರನ್ನು ನೋಡಿಕೊಳ್ಳಲಿ.