ಸತ್ಯಾಂಶ: ಅಮೆರಿಕದ ಕಪ್ಪು ವರ್ಣೀಯರ ಮತದಾನದ ಹಕ್ಕಿಗೆ ಕೊನೆಯ ದಿನಾಂಕವಿಲ್ಲ

‘ಮತದಾನ ಹಕ್ಕು ಕಾಯ್ದೆಯ ಅವಧಿ ಮುಗಿದರೆ ಅಮೆರಿಕದ ಕಪ್ಪು ವರ್ಣೀಯರು ಮತ್ತೆ ವೋಟು ಹಾಕುವಂತಿಲ್ಲ’ ಎಂಬ ಸಂದೇಶ ವರ್ಷಗಳಿಂದ ಫಾರ್ವರ್ಡ್ ಆಗುತ್ತಲೇ ಇದೆ. ಇದು ಸುಳ್ಳು. ಜನಾಂಗದ ಕಾರಣಕ್ಕೆ ಮತ ನಿರಾಕರಿಸಬಾರದೆಂದು 1870ರ 15ನೇ ಸಂವಿಧಾನ ತಿದ್ದುಪಡಿಯೇ ಹೇಳುತ್ತದೆ, ಅದಕ್ಕೆ ಅವಧಿಯಿಲ್ಲ.

ಆದರೆ ಹಕ್ಕು ಕಾಗದದಲ್ಲಿದ್ದೂ ಕೈಗೆ ಸಿಗಲಿಲ್ಲ. ಮಿಸಿಸಿಪ್ಪಿಯಲ್ಲಿ ನೋಂದಣಿಗೆ ಹೋದವರು ರಾಜ್ಯ ಸಂವಿಧಾನದ ಒಂದು ವಿಧಿಯನ್ನು ಓದಿ ಅರ್ಥ ವಿವರಿಸಬೇಕಿತ್ತು. ಯಾವ ವಿಧಿ, ಉತ್ತರ ಸರಿಯೇ ಎಂದು ತೀರ್ಮಾನಿಸುತ್ತಿದ್ದವನು ನೋಂದಣಿ ಮಾಡುವ ಗುಮಾಸ್ತನೇ. ಫಲ: 1965ಕ್ಕೆ ಮೊದಲು ಅಲ್ಲಿನ ಅರ್ಹ ಕಪ್ಪು ವರ್ಣೀಯರಲ್ಲಿ ನೋಂದಾಯಿತರು ಕೇವಲ 6.7%. 1965ರಲ್ಲಿ ಮತದಾನ ಹಕ್ಕು ಕಾಯ್ದೆ ಬಂದು ಎರಡೇ ವರ್ಷದಲ್ಲಿ ಅದು ಸುಮಾರು 60%ಕ್ಕೇರಿತು.

ಅವಧಿ ಇರುವುದು ಆ ಕಾಯ್ದೆಯ ಸೆಕ್ಷನ್ 5ರಂಥ ಕೆಲವು ಭಾಗಗಳಿಗೆ ಮಾತ್ರ. ಸೆಕ್ಷನ್ 5ರ ಪ್ರಕಾರ ತಾರತಮ್ಯದ ಇತಿಹಾಸವಿದ್ದ ಪ್ರದೇಶಗಳು ಒಂದು ಮತಗಟ್ಟೆ ಬದಲಿಸಲೂ ಕೇಂದ್ರದ ಪೂರ್ವಾನುಮತಿ ಪಡೆಯಬೇಕಿತ್ತು. 2006ರಲ್ಲಿ ಇದನ್ನು 25 ವರ್ಷಕ್ಕೆ ನವೀಕರಿಸಿದರು. ನಿಜವಾದ ಪೆಟ್ಟು ಬಿದ್ದದ್ದು ಗಡುವಿನಿಂದಲ್ಲ, 2013ರ ಶೆಲ್ಬಿ ಕೌಂಟಿ ತೀರ್ಪಿನಿಂದ: ಯಾವ ಪ್ರದೇಶಕ್ಕೆ ಅನ್ವಯ ಎನ್ನುವ ಸೂತ್ರವನ್ನೇ ಸುಪ್ರೀಂ ಕೋರ್ಟ್ ರದ್ದುಮಾಡಿತು, ಹಾಗಾಗಿ ಪೂರ್ವಾನುಮತಿಯ ನಿಯಮವೇ ನಿಷ್ಕ್ರಿಯವಾಯಿತು. ಅದೇ ದಿನ ಟೆಕ್ಸಸ್, ಪೂರ್ವಾನುಮತಿ ಸಿಗದೆ ತಡೆಹಿಡಿಯಲಾಗಿದ್ದ, ಮತ ಹಾಕಲು ಗುರುತಿನ ಚೀಟಿ ಕಡ್ಡಾಯಗೊಳಿಸುವ ಕಾನೂನನ್ನು ಜಾರಿಗೊಳಿಸುವುದಾಗಿ ಘೋಷಿಸಿತು. ಇಲ್ಲದ ಗಡುವಿಗೆ ಹೆದರುವವರಿಗೆ ಈ ಹಾನಿ ಕಾಣುವುದೇ ಇಲ್ಲ.

ಅಮೆರಿಕದ ಪೌರತ್ವ ಪಡೆದ ಕನ್ನಡಿಗರೂ ಗಮನಿಸಿ: ಚುನಾವಣೆಗೆ ಒಂದೆರಡು ತಿಂಗಳ ಮೊದಲೇ ರಾಜ್ಯದ ಅಧಿಕೃತ ತಾಣದಲ್ಲಿ ನಿಮ್ಮ ಹೆಸರು ನೋಡಿಕೊಳ್ಳಿ. ಮತಗಟ್ಟೆಯಲ್ಲಿ ಹೆಸರು ಕಾಣದಿದ್ದರೆ ಸುಮ್ಮನೆ ವಾಪಸಾಗದೆ ‘ಪ್ರಾವಿಷನಲ್ ಬ್ಯಾಲಟ್’ (ಹೆಚ್ಚಿನ ರಾಜ್ಯಗಳಲ್ಲಿ ಸಿಗುವ, ಅರ್ಹತೆ ಪರಿಶೀಲಿಸಿದ ಮೇಲೆ ಎಣಿಸುವ ತಾತ್ಕಾಲಿಕ ಮತಪತ್ರ) ಕೇಳಿ, ಅದು ಎಣಿಕೆಯಾಯಿತೇ ಎಂದು ಆಮೇಲೆ ವಿಚಾರಿಸಿ.